ರ‍್ಯಾಂಪಿನ ಮಂಚ

ಹೋದ ವಾರ ಹರಿಹರದಲ್ಲಿ ಹೂವು ಕೊಳ್ಳಲು ವ್ಯಾನು ನಿಲ್ಲಿಸಿದ್ದೆ. ಎದುರಿನ ವೆಲ್ಡಿಂಗ್ ಅಂಗಡಿಯಲ್ಲಿ ಯಾರದೋ ಮನೆಯ ಹಳೇ ಗೇಟಿಗೆ ಗ್ರೈಂಡರ್ ಹಿಡಿದಿದ್ದರು. ಎಣ್ಣೆ ಬಣ್ಣ ಸುಡುವ ವಾಸನೆ ರಸ್ತೆ ದಾಟಿ ಬಂತು. ಹೂವಿನಾಕೆ ಮೂಗಿಗೆ ಸೆರಗು ಹಿಡಿದು, "ದಿನಾ ಇದೇ ನಾತ ಅಕ್ಕಾ, ಮಲ್ಲಿಗಿ ವಾಸನಿನೂ ಗೊತ್ತಾಗಲ್ಲ" ಎಂದಳು. ನಾನು ಎರಡು ಮೊಳ ಹೂವು ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತಿದ್ದೆನೋ, ಆಕೆಯೇ "ಚಿಲ್ಲರೆ ತಗೊಳ್ರಿ" ಎಂದು ಕೈ ಮುಟ್ಟಿ ಎಚ್ಚರಿಸಿದಳು.

ಆ ವಾಸನೆ ನನ್ನ ಪಾಲಿಗೆ ಒಂದೇ ಒಂದು ಶ್ರಾವಣದ್ದು. ಆಗಲೇ ನಾಲ್ಕು ವರ್ಷವಾಯಿತು. ಆ ಶ್ರಾವಣದಲ್ಲಿ ನನ್ನ ವ್ಯಾನಿನೊಳಗೆ ಮಲಗಲು ಒಂದು ಮಂಚ ತಯಾರಾಯಿತು. ಅದನ್ನು ಮಾಡಿದ್ದು ಎರಡು ರ‍್ಯಾಂಪುಗಳಿಂದ. ಬೈಕನ್ನು ವ್ಯಾನಿಗೆ ಹತ್ತಿಸಲು ಇಳಿಜಾರಾಗಿ ಇಡುತ್ತಾರಲ್ಲ, ಆ ಕಬ್ಬಿಣದ ಹಲಗೆಗಳು. ನಮ್ಮ ಮನೆಯವರು ಕೊಟ್ರೇಶ ಜಾರಿ ಬಿದ್ದು ತೀರಿಕೊಂಡದ್ದು ಅವುಗಳ ಮೇಲಿಂದಲೇ. ಅವು ಜಾರುವ ಹಾಗೆ ಮಾಡಿದವಳು ನಾನು. ಇದನ್ನು ಹೀಗೆ ಒಂದೇ ಉಸಿರಿಗೆ ಹೇಳಲು ಈಗ ಬರುತ್ತದೆ. ಆ ಶ್ರಾವಣದ ತನಕ ಬರುತ್ತಿರಲಿಲ್ಲ.

ಅವರ ಕೆಲಸ ಬೈಕು ಸಾಗಿಸುವುದು. ನಿಟ್ಟುವಳ್ಳಿಯ ನಮ್ಮ ಮನೆ ಮುಂದೆ ಮೈತುಂಬ ತಗಡಿದ್ದ ಹಳೇ ವ್ಯಾನೊಂದು ನಿಂತಿರುತ್ತಿತ್ತು. ಕೆಟ್ಟು ನಿಂತ ಬೈಕು, ಗುದ್ದಿಸಿಕೊಂಡ ಬೈಕು, ವರ್ಗವಾಗಿ ಹೋಗುವ ಮೇಷ್ಟ್ರ ಬೈಕು, ಯಾರು ಫೋನ್ ಮಾಡಿದರೂ ಹೋಗುತ್ತಿದ್ದರು. ವ್ಯಾನಿನ ಹಿಂದಿನ ಅಂಚಿಗೆ ರ‍್ಯಾಂಪುಗಳ ಕೊಕ್ಕೆ ಸಿಕ್ಕಿಸಿ, ಒಂದರ ಮೇಲೆ ಬೈಕು, ಇನ್ನೊಂದರ ಮೇಲೆ ತಾವು, ಒಬ್ಬರೇ ತಳ್ಳಿಕೊಂಡು ಹತ್ತಿಬಿಡುತ್ತಿದ್ದರು. ಅದನ್ನು ನೋಡಲು ನನಗೆ ಇಷ್ಟ. ಮದುವೆಯಾದ ಹೊಸದರಲ್ಲಿ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹಳಬಳಾದ ಮೇಲೆ ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ.

ಆಯುಧಪೂಜೆಗೆ ವ್ಯಾನು ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆಯುತ್ತಿದ್ದೆವು. ರ‍್ಯಾಂಪುಗಳಿಗೆ ಮಾತ್ರ ಮೂರು ಬೆರಳು ವಿಭೂತಿ, ಒಂದು ಚೂರು ಹೂವು, ಅಷ್ಟೇ. ತುಕ್ಕು ಹಿಡಿದು ಗೋಡೆಗೆ ಒರಗಿಕೊಂಡಿರುತ್ತಿದ್ದವು. ದುಡಿಯುವುದೆಲ್ಲ ಇವು, ಹಾರವೆಲ್ಲ ವ್ಯಾನಿಗೆ ಎಂದು ನನಗೆ ಅವರು ತೀರಿಕೊಂಡ ವರ್ಷ ಪಾಪ ಅನ್ನಿಸಿತು. ಮನೆಯ ಕಿಟಕಿಗಳಿಗೆ ಬಳಿದು ಉಳಿದಿದ್ದ ಆಕಾಶನೀಲಿ ಎಣ್ಣೆ ಬಣ್ಣ ಅರ್ಧ ಡಬ್ಬ ಇತ್ತು. ಹಬ್ಬದ ಮುಂಚೆ ಅವರು ವ್ಯಾನು ಬಿಟ್ಟು ಎರಡು ದಿನ ಊರಿಗೆ ಹೋಗಿದ್ದ ಹೊತ್ತು ನೋಡಿ ಕುಳಿತೆ. ಆ ಹಲಗೆಗಳ ಮೇಲೆ ಕಾಲು, ಚಕ್ರ ಜಾರದಿರಲಿ ಎಂದು ಸಣ್ಣ ಸಣ್ಣ ಉಬ್ಬುಗಳಿರುತ್ತವೆ. ಅವುಗಳ ಸಂದಿಗೆಲ್ಲ ಬ್ರಷ್ಷು ತೂರಿಸಿ, ಒಂದು ಚೂರೂ ಬಿಡದ ಹಾಗೆ ಬಳಿದೆ. ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ. ಮುಖ ಕಾಣುವಷ್ಟು ಹೊಳೆದವು.

ಮಾರನೆಯ ದಿನ ಸಂಜೆ ಬಂದು ನೋಡಿ ಅವರು ನಕ್ಕದ್ದೇ ನಕ್ಕದ್ದು. "ಏನೇ ಇದು, ಮದುಮಕ್ಕಳನ್ನ ಮಾಡಿ ನಿಲ್ಲಿಸೀಯಲ್ಲ! ಇವುಗಳ ಮ್ಯಾಲೆ ಗಾಡಿ ಹತ್ತಿಸ್ಲೋ, ಇವನ್ನೇ ಮೆರವಣಿಗಿ ಮಾಡಿಸ್ಲೋ?" ಎಂದರು. ನನಗೆ ಬಹಳ ಖುಷಿಯಾಯಿತು. ಅಕ್ಕಪಕ್ಕದವರನ್ನೂ ಕರೆದು ತೋರಿಸಿದೆ.

ಹಬ್ಬವಾಗಿ ಎರಡು ವಾರಕ್ಕೆ ಹರಿಹರದ ದಾರಿಯ ಬಾತಿಯಲ್ಲಿ ಒಂದು ಕೆಟ್ಟ ಬೈಕು ತರಲು ಹೋದರು. ಸಣ್ಣಗೆ ಮಳೆ ಹನಿಯುತ್ತಿತ್ತಂತೆ. ಅರ್ಧ ಹತ್ತಿದ್ದರಂತೆ. ಕಾಲು ಜಾರಿ ಹಿಂದಕ್ಕೆ ಬಿದ್ದರು, ಬೈಕು ಮೇಲೆ ಬಿತ್ತು, ತಲೆ ಮೋರಿಯ ಕಲ್ಲಿಗೆ ಬಡಿಯಿತು. ಎರಡು ದಿನ ಆಸ್ಪತ್ರೆಯಲ್ಲಿದ್ದರು. ಮೂರನೇ ದಿನ ಮನೆಗೆ ತಂದರು.

ಬಂದವರೆಲ್ಲ ಮಳೆಯನ್ನು ಬೈದರು, ಹಣೆಬರಹವನ್ನು ಬೈದರು, ಒಬ್ಬರೇ ಹೋದದ್ದಕ್ಕೆ ಅವರನ್ನೂ ಬೈದರು. ಗೋಡೆಗೆ ಒರಗಿ ಹೊಳೆಯುತ್ತಿದ್ದ ನೀಲಿ ಬಣ್ಣದ ಕಡೆ ಯಾರೂ ನೋಡಲಿಲ್ಲ. ನಾನು ನೋಡಿದೆ. ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾದ ಕೂಡಲೇ ನನ್ನೊಳಗೆ ಏನೋ ನಿಂತುಹೋಯಿತು. ಒಂದೇ ಮಗ್ಗುಲಾಗಿ ಮಲಗಿದರೆ ಕೈ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಇನ್ನೊಬ್ಬರ ಕೈ ಚಿವುಟಿದ ಹಾಗಿರುತ್ತದಲ್ಲ, ಹಾಗೆ ಇಡೀ ಮೈ ಆಯಿತು. ಮಣ್ಣಾದ ದಿನ ಸಂಜೆ ಬಂದವರಿಗೆಲ್ಲ ಚಹಾ ಕೊಟ್ಟು, ಸಕ್ಕರೆ ಕಡಿಮೆಯಾಯಿತೇ ಎಂದು ಒಬ್ಬೊಬ್ಬರನ್ನೂ ಕೇಳಿದೆನಂತೆ. ಕಣ್ಣಲ್ಲಿ ನೀರು ಬರಲಿಲ್ಲ. ಗಟ್ಟಿ ಹೆಂಗಸು ಎಂದು ಕೆಲವರು ಮೆಚ್ಚಿದರು, ಕಲ್ಲು ಹೆಂಗಸು ಎಂದು ಕೆಲವರು ಆಡಿಕೊಂಡರು. ಎರಡೂ ನನಗೆ ಬೇರೆ ಯಾರದೋ ಬಗ್ಗೆ ಹೇಳಿದ ಹಾಗೆ ಕೇಳಿಸಿತು.

ಜೋಮು ಹಿಡಿದ ಕೈಯಲ್ಲೂ ಕೆಲಸ ಮಾಡಬಹುದು, ಅದೊಂದು ವಿಚಿತ್ರ. ಅವರು ಹೋದಾಗಿನಿಂದ ಆ ಶ್ರಾವಣದ ತನಕದ ಹತ್ತು ತಿಂಗಳಲ್ಲಿ ನಾನು ವ್ಯಾನು ಓಡಿಸಲು ಕಲಿತೆ. ಲೈಸೆನ್ಸ್ ಮಾಡಿಸಿದೆ. ಸಂತೆ ಸಂತೆಗೆ ಹೋಗಿ ನೈಟಿ, ಲಂಗ, ಮಕ್ಕಳ ಬಟ್ಟೆ ಮಾರಲು ಶುರು ಮಾಡಿದೆ. ಹೊನ್ನಾಳಿ, ಮಲೆಬೆನ್ನೂರು, ಜಗಳೂರು, ಎಲ್ಲಿ ಸಂತೆಯೋ ಅಲ್ಲಿಗೆ. ಸಂತೆಯಲ್ಲಿ ಬೆಳಕು ಹರಿಯುವ ಮುಂಚೆ ಬಂದವರಿಗೆ ಒಳ್ಳೆಯ ಜಾಗ, ತಡವಾದವರಿಗೆ ಮೀನಿನ ಅಂಗಡಿ ಪಕ್ಕದ ಜಾಗ. ಅದಕ್ಕೇ ಹಿಂದಿನ ದಿನವೇ ಹೋಗಿ ವ್ಯಾನಿನಲ್ಲೇ ಮಲಗುತ್ತಿದ್ದೆ. ಒಂಟಿ ಹೆಂಗಸು ಲಾಡ್ಜ್ ಮೆಟ್ಟಿಲು ಹತ್ತಿದರೆ ಕೌಂಟರಿನವನು ನೋಡುವ ನೋಟ ನನಗೆ ಬೇಕಿರಲಿಲ್ಲ. ಆದರೆ ವ್ಯಾನಿನ ನೆಲವೆಂದರೆ ಏಣುಏಣಾದ ತಗಡು. ಮೂರು ತಿಂಗಳಿಗೆ ನನ್ನ ಸೊಂಟ ಹಿಡಿದುಕೊಂಡಿತು. ಮಾಲು ಕೆಳಗೆ ತುಂಬಿ ಮೇಲೆ ಮಲಗುವ ಹಾಗೆ ಒಂದು ಮಂಚವಿಲ್ಲದೆ ಈ ದಂಧೆ ನಡೆಯುವುದಿಲ್ಲ ಎಂದು ಖಾತ್ರಿಯಾಯಿತು.

ರ‍್ಯಾಂಪುಗಳು ಹಾಗೇ ನಿಂತಿದ್ದವು. ಮನೆಯಲ್ಲಿ ನನ್ನ ಜೊತೆಗಿದ್ದ ಅತ್ತೆ, ನಮ್ಮ ಮನೆಯವರ ತಾಯಿ, ದಿನಾ ಅವನ್ನು ನೋಡಬೇಕಲ್ಲ ಎಂದು ಆ ಬದಿಯ ಬಾಗಿಲನ್ನೇ ತೆಗೆಯುತ್ತಿರಲಿಲ್ಲ. "ಗುಜರಿಗೆ ಹಾಕಿಬಿಡವ್ವ" ಎಂದು ಎಷ್ಟೋ ಸಲ ಹೇಳಿದ್ದರು. ಅವುಗಳಿಂದಲೇ ಮಂಚ ಮಾಡಿಸುತ್ತೇನೆ ಎಂದಾಗ ಸೊಪ್ಪು ಸೋಸುತ್ತಿದ್ದವರು ಕೈ ನಿಲ್ಲಿಸಿದರು.

"ಅದರ ಮ್ಯಾಲೆ ಹೆಂಗ್ ಮಲಗ್ತೀಯವ್ವ?"

"ಹೊಸ ಕಬ್ಬಿಣ ತರಾಕ ಆಗಲ್ಲ ಅತ್ತೆ."

ಅದು ನಿಜ. ಅದಷ್ಟೇ ಅಲ್ಲ ಎನ್ನುವುದೂ ನಿಜ. ಆ ಹಲಗೆಗಳನ್ನು ಮಾಡಿಕೊಟ್ಟಿದ್ದವರು ಹರಿಹರದ ದಾದಾಪೀರಣ್ಣ, ನಮ್ಮ ಮನೆಯವರ ಚಿಕ್ಕಂದಿನ ಗೆಳೆಯರು, ವೆಲ್ಡಿಂಗ್ ಕೆಲಸದವರು. ಕಬ್ಬಿಣ ಎಲ್ಲಿ ಜಾರುತ್ತದೆ, ಎಲ್ಲಿ ಹಿಡಿಯುತ್ತದೆ ಎಂದು ಬಲ್ಲವರು. ಅವರ ಮುಂದೆ ತೆಗೆದುಕೊಂಡು ಹೋಗಿ ಇಟ್ಟರೆ, ಇದಕ್ಕೆ ಬಣ್ಣ ಬಳಿದವರು ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ 'ನಾನೇ' ಎಂದು ಹೇಳಬಹುದು. ಆ ಒಂದು ಮಾತನ್ನು ಯಾರ ಮುಂದಾದರೂ ಆಡದೆ ನಾನು ಇನ್ನೊಂದು ವರ್ಷ ಹೀಗೆ ಇರಲಾರೆ ಅನ್ನಿಸಿತ್ತು.

ಹೊರಟ ದಿನ ಒಂದು ರ‍್ಯಾಂಪನ್ನು ವ್ಯಾನಿಗೆ ಏರಿಸಲು ಒದ್ದಾಡುತ್ತಿದ್ದೆ. ಅತ್ತೆ ಆ ಬಾಗಿಲು ತೆಗೆದು ಹೊರಗೆ ಬಂದರು. ಇನ್ನೊಂದು ತುದಿ ಹಿಡಿದು ಎತ್ತಿದರು. ಎರಡನೆಯದನ್ನೂ ಎತ್ತಿದರು. ಕೈ ಸೀರೆಗೆ ಒರೆಸಿಕೊಂಡು ಒಳಗೆ ಹೋದರು.

ಹರಿಹರ ಮುಟ್ಟುವ ಹೊತ್ತಿಗೆ ಜಿಟಿಜಿಟಿ ಮಳೆ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು, ಸೇತುವೆ ಮೇಲೆ ಜನ ಕೊಡೆ ಹಿಡಿದು ನಿಂತು ನೋಡುತ್ತಿದ್ದರು. ದಾದಾಪೀರಣ್ಣನ ಅಂಗಡಿ ಸ್ಟೇಷನ್ ಹಿಂದಿನ ಸಂದಿಯಲ್ಲಿತ್ತು. ವ್ಯಾನಿನ ಹಿಂಬಾಗಿಲು ತೆಗೆದೆ. ಅವರು ರ‍್ಯಾಂಪುಗಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ರ‍್ಯಾಂಪು ನೋಡಿದರು.

"ಕೂಡ್ರಿ ಭಾಬಿ, ಚಾ ಹೇಳ್ತೀನಿ" ಎಂದರು. ಬಣ್ಣದ ಮಾತೆತ್ತಲಿಲ್ಲ.

ಮಂಚದ ಲೆಕ್ಕಾಚಾರ ಹತ್ತು ನಿಮಿಷದಲ್ಲಿ ಮುಗಿಯಿತು. ರ‍್ಯಾಂಪು ಎಂಟಡಿ ಉದ್ದ, ಒಂದಡಿ ಅಗಲ. ಮುಂದಿನ ಸೀಟುಗಳ ನಡುವೆ ಓರೆಯಾಗಿ ತೂರಿಸಿದರೆ ವ್ಯಾನಿನಲ್ಲಿ ಹಿಡಿಯುತ್ತದೆ, ಮಂಚಕ್ಕಾದರೆ ನೆಲದ ಮೇಲೆ ಆರೂವರೆ ಅಡಿಗಿಂತ ಹೆಚ್ಚು ಜಾಗವಿಲ್ಲ. ಎರಡನ್ನೂ ಒಂದೂವರೆ ಅಡಿ ಕತ್ತರಿಸುವುದು, ಆ ತುಂಡುಗಳನ್ನೇ ಉದ್ದಕ್ಕೆ ಸೀಳಿ ನಿಲ್ಲಿಸಿ ನಾಲ್ಕು ಕಾಲು ಮಾಡುವುದು, ಎರಡೂ ಹಲಗೆಗಳ ನಡುವೆ ಒಂದು ಗೇಣು ಸಂದಿ ಬಿಟ್ಟು ಅಡ್ಡಪಟ್ಟಿ ಕೂಡಿಸುವುದು, ಕಾಲುಗಳನ್ನು ವ್ಯಾನಿನ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯುವುದು. ಕೆಳಗೆ ನಾಲ್ಕು ಮೂಟೆ ಮಾಲು ಕೂರುತ್ತದೆ. "ಆರ್‌ಟಿಓದವ್ರು ಯಾರಾರ ಕೇಳಿದ್ರೆ ಮಂಚ ಅನಬ್ಯಾಡ್ರಿ, ಮಾಲಿಡೋ ರ‍್ಯಾಕು ಅನ್ರಿ" ಎಂದರು.

ಅಳತೆ ಸರಿಯಿದೆಯೇ ನೋಡೋಣ ಎಂದು ನಾನು ಆ ಹಲಗೆಯ ಮೇಲೆ ಮಲಗಲು ಹೋದೆ. ಅವರು ಗಾಬರಿಯಾಗಿ ತಡೆದರು.

"ಮಲಗಿಸಿ ಅಳತಿ ತಗೋಬಾರ್ದು ಭಾಬಿ, ಅದು ಬದುಕಿರೋರಿಗಲ್ಲ. ನಿಂತ್ಕೊಳ್ರಿ."

ಶಾಲೆ ಮಕ್ಕಳ ಹಾಗೆ ಅಂಗಡಿಯ ಗೋಡೆಗೆ ಬೆನ್ನು ಹಚ್ಚಿ ನಿಂತೆ. ತಲೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನಗಬೇಕಾದ ಸಂದರ್ಭವೇ. ನಗು ಬರಲಿಲ್ಲ.

ಬಣ್ಣವಿದ್ದ ಕಬ್ಬಿಣಕ್ಕೆ ವೆಲ್ಡಿಂಗ್ ಹಿಡಿಯುವುದಿಲ್ಲ. ಕೂಡಿಸುವ ಜಾಗದಲ್ಲೆಲ್ಲ ಮೊದಲು ಬಣ್ಣ ಕೆರೆಯಬೇಕು. ದಾದಾಪೀರಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಗ್ರೈಂಡರ್ ಹಚ್ಚಿದರು. ನೀಲಿ ಬಣ್ಣ ಮೊದಲು ಕಪ್ಪಾಯಿತು, ಆಮೇಲೆ ಗುಳ್ಳೆ ಎದ್ದಿತು, ಆಮೇಲೆ ಹಾರಿಹೋಯಿತು. ಆ ವಾಸನೆ ಎದ್ದದ್ದು ಆಗಲೇ. ಗಂಟಲು ಕೆರೆಯುವ, ಸೀರೆಗೆ ಮೆತ್ತಿಕೊಳ್ಳುವ ವಾಸನೆ. ಅಡಿಯಿಂದ ಉಬ್ಬುಗಳು ಒಂದೊಂದಾಗಿ ಬಂದವು. ಚೂಪಾಗಿಯೇ ಇದ್ದವು. ನಾನು ಬೆರಳಿಟ್ಟು ನೋಡಿದೆ. ಬಿಸಿ ಇತ್ತು, ಒರಟಾಗಿತ್ತು. ಪಕ್ಕದಲ್ಲೇ ಬಣ್ಣ ಉಳಿದಿದ್ದ ಕಡೆ ಬೆರಳಿಟ್ಟೆ. ಗಾಜಿನ ಹಾಗೆ ಜಾರಿತು. ಇಷ್ಟು ಸ್ಪಷ್ಟವಾಗಿ ಕಾಣಿಸುತ್ತಿರುವುದನ್ನು ಇವರು ಯಾಕೆ ಕೇಳುತ್ತಿಲ್ಲ ಎಂದು ಅವರ ಮುಖ ನೋಡಿದೆ. ಕನ್ನಡಕದೊಳಗೆ ಏನೂ ಕಾಣಲಿಲ್ಲ.

ಮಧ್ಯಾಹ್ನ ಕರೆಂಟು ಹೋಯಿತು. ಕೆಲಸ ಮಾರನೆಯ ದಿನಕ್ಕೆ ಬಿತ್ತು. ನಾನು ಖಾಲಿ ವ್ಯಾನಿನಲ್ಲಿ ನಿಟ್ಟುವಳ್ಳಿಗೆ ವಾಪಸಾದೆ. ದಾರಿಯಲ್ಲಿ ಬಾತಿ ಬರುತ್ತದೆ. ಬೇರೆ ದಿನ ಆ ಮೋರಿಯ ಹತ್ತಿರ ಕಣ್ಣು ಕಿತ್ತು ನೇರ ರಸ್ತೆ ನೋಡುತ್ತಿದ್ದೆ. ಅವತ್ತು ನಿಧಾನ ಮಾಡಿ ನೋಡಿದೆ. ಒಂದು ಕಲ್ಲು, ಅದರ ಮೇಲೆ ಯಾರೋ ಒಣಹಾಕಿ ಮರೆತ ಗೋಣಿಚೀಲ, ಅದೂ ಮಳೆಯಲ್ಲಿ ತೊಯ್ದಿತ್ತು. ಅಳು ಬರಬಹುದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಮುಂದೆ ಹೋದೆ.

ಮಾರನೆಯ ದಿನ ಮಳೆ ಎಂದು ವ್ಯಾನನ್ನು ಅಂಗಡಿಯೊಳಗೇ ತಂದು ನಿಲ್ಲಿಸಿದೆ. ಮಂಚಕ್ಕೆ ಕಾಲು ಬಂದವು, ಅಡ್ಡಪಟ್ಟಿ ಬಂದವು. ಬೋಲ್ಟ್ ಬಿಗಿದ ಮೇಲೆ ದಾದಾಪೀರಣ್ಣ ಅದರ ಮೇಲೆ ಹತ್ತಿ ದಪದಪ ಕುಣಿದು ತೋರಿಸಿದರು. ವ್ಯಾನು ಅಲುಗಾಡಿತು, ಮಂಚ ಅಲುಗಲಿಲ್ಲ. "ಎರಡು ಕ್ವಿಂಟಲ್ ಗಾಡಿ ಹೊತ್ತೈತೆ ಇದು. ನೀವೇನ್ರಿ, ಒಂದು ಮೂಟಿ ನೈಟಿ" ಎಂದರು. ಕೆಳಗಿಳಿದು, ನಟ್ಟುಬೋಲ್ಟು ಡಬ್ಬಕ್ಕೆ ತುಂಬತೊಡಗಿದರು. ಕೆಲಸ ಮುಗಿದಿತ್ತು. ಅವರು ಕೇಳಿರಲಿಲ್ಲ. ಕೇಳುವುದೂ ಇಲ್ಲ ಎಂದು ಆಗ ನನಗೆ ಗೊತ್ತಾಯಿತು.

"ಆ ಬಣ್ಣ ನಾನು ಹಚ್ಚಿದ್ದು ಅಣ್ಣಾ" ಎಂದೆ.

"ಗೊತ್ತೈತ್ರಿ."

"ಹಬ್ಬಕ್ಕೆ ಹಚ್ಚಿದ್ದೆ. ಎರಡು ಕೈ ಹಚ್ಚಿದ್ದೆ. ಅದಕ್ಕೇ ಅವ್ರು ಜಾರಿದ್ದು."

ಹಾಗೆಲ್ಲ ಅನ್ನಬೇಡಿ, ಮೇಲಿರುವವನ ಇಚ್ಛೆ, ನೀವೇನು ಬೇಕೆಂದು ಮಾಡಿದ್ದಾ ಎನ್ನುತ್ತಾರೆ ಎಂದುಕೊಂಡಿದ್ದೆ. ಬೇರೆ ಯಾರಾಗಿದ್ದರೂ ಅದನ್ನೇ ಅನ್ನುತ್ತಿದ್ದರು. ಹಾಗೆ ಅಂದಿದ್ದರೆ ನಾನು ತಲೆಯಾಡಿಸಿ, ಮೂಟೆ ತುಂಬಿಕೊಂಡು ಮುಂದಿನ ಸಂತೆಗೆ ಹೋಗುತ್ತಿದ್ದೆ. ದಾದಾಪೀರಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಚಿಂದಿ ಬಟ್ಟೆಗೆ ಒಂದೊಂದೇ ಬೆರಳು ಒರೆಸಿಕೊಂಡರು.

"ಹೌದ್ರಿ ಭಾಬಿ. ಅದಕ್ಕೇ ಜಾರಿದ್ದು."

ನೋವಾಗಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಆ ಮಾತು ಕೇಳಿ ನನಗೆ ಹಗುರವಾಯಿತು. ಹತ್ತು ತಿಂಗಳು ಒಬ್ಬಳೇ ಹೊತ್ತಿದ್ದ ಮೂಟೆಗೆ ಇನ್ನೊಂದು ಕೈ ಹತ್ತಿದ ಹಾಗಾಯಿತು. ಅಲ್ಲೇ ಇದ್ದ ಖಾಲಿ ಡಬ್ಬದ ಮೇಲೆ ಕುಳಿತೆ.

"ನಾನೂ ಅದರಾಗ ಇದ್ದೀನ್ರಿ" ಎಂದರು ಅವರು. ನನ್ನ ಕಡೆ ನೋಡದೆ ಮಳೆಯ ಕಡೆ ನೋಡುತ್ತಾ ಹೇಳಿದರು. "ಅವನು ಬೀಳೋಕೆ ನಾಲ್ಕು ದಿನ ಮುಂಚೆ ಫೋನ್ ಮಾಡಿದ್ದ. 'ದಾದು, ಸ್ವಲ್ಪ ಹಸಿ ಆದ್ರೂ ಸಾಕು, ರ‍್ಯಾಂಪು ಬಾಳ ಜಾರ್ತಾವಲೇ' ಅಂದ. ತಗಂಬಾ, ಅರ್ಧ ತಾಸಿನ ಕೆಲಸ, ಕೆರದು ಕೊಡ್ತೀನಿ ಅಂದೆ. 'ಬ್ಯಾಡ ತಡಿ' ಅಂದ."

"ಯಾಕ?"

ಅವರು ಆ ಚಿಂದಿಯನ್ನು ಮಡಿಚಿ ಸ್ಪ್ಯಾನರಿನ ಪಕ್ಕಕ್ಕೆ ಇಟ್ಟರು.

"'ಅವ್ಳು ಅಷ್ಟು ಖುಷಿಯಿಂದ ಹಚ್ಚ್ಯಾಳ. ಇಷ್ಟು ಬೇಗ ಕೆರಸಿದ್ರೆ ಮನಸಿಗೆ ಹಚ್ಕಂತಾಳ. ದೀಪಾವಳಿ ಮುಗೀಲಿ, ತರ್ತೀನಿ, ಅಲ್ಲೀತನ ಜಾರದಂಗ ಮ್ಯಾಲೆ ಮಣ್ಣು ಉಗ್ಗಿಕೊಂಡು ಹತ್ತಿಸ್ತೀನಿ' ಅಂದ. ನಾನೂ ನಕ್ಕು ಹೂಂ ಅಂದುಬಿಟ್ಟೆ. ತಗಂಬಾ ಅಂತ ಗದರಿಸಬೇಕಿತ್ತು. ಗದರಿಸ್ಲಿಲ್ಲ. ಹೆಂಗ್ ಹೇಳ್ಲಿ ನಿಮಗೆ ಇದನ್ನ ಅಂತ ನಿನ್ನೆಯಿಂದ ಒದ್ದಾಡ್ತಿದ್ದೀನ್ರಿ."

ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ. ಆ ಮಾತು ನನ್ನ ಕಿವಿಯಲ್ಲಿ ಒಂದು ಸುತ್ತು ತಿರುಗಿತು. ಅದರ ಹಿಂದೆಯೇ ಇನ್ನೇನೋ ಎದ್ದಿತು. ದುಃಖವಿರಬೇಕು ಎಂದುಕೊಂಡೆ. ದುಃಖವಲ್ಲ, ಸಿಟ್ಟು. ಕಂಡಾಪಟ್ಟೆ ಸಿಟ್ಟು. ಎದ್ದು ಹೋಗಿ ವ್ಯಾನಿನ ಬಾಗಿಲು ಹಿಡಿದು, ಆ ಮಂಚವನ್ನೇ ಅವರೆಂದುಕೊಂಡು, ಮನೆಯೊಳಗೆ ಜಗಳವಾದಾಗ ಬೈಯುತ್ತಿದ್ದ ಹಾಗೆಯೇ ಶುರು ಮಾಡಿದೆ.

"ಕೆರಸಾಕೆ ಏನಾಗಿತ್ತೋ ನಿನಗೆ? ಅರ್ಧ ತಾಸಿನ ಕೆಲಸ ಅಂತೆ, ಅರ್ಧ ತಾಸು! ನಾನೇನ್ ಮಾಡ್ತಿದ್ದೆ? ಎರಡು ದಿನ ಮುಖ ಊದಿಸ್ಕೊಂಡು ಇರ್ತಿದ್ದೆ, ಅಷ್ಟೇ ಅಲ್ಲೇನೋ? ಮೂರನೇ ದಿನ ನಾನೇ ರೊಟ್ಟಿ ಬಡಿದು ಹಾಕ್ತಿದ್ದೆ. ನನ್ನ ಮನಸಿಗೆ ನೋವಾಗ್ತೈತೆ ಅಂತ ಸಾಯ್ತಾರೇನೋ ಯಾರಾದ್ರೂ? ಈಗ ನೋವಾಗಿಲ್ಲೇನು? ಈಗ ಬಾಳ ಸುಖವಾಗಿದ್ದೀನೇನು?"

ಎಲ್ಲಿ ದನಿ ಒಡೆಯಿತೋ ಗೊತ್ತಿಲ್ಲ. ಬೈಗುಳದ ನಡುವೆಯೇ ಅಳು ಬಂದು ಸೇರಿಕೊಂಡಿತ್ತು, ಎರಡೂ ಒಟ್ಟಿಗೆ ಬರುತ್ತಿದ್ದವು. ಎದುರಿನ ಪಂಕ್ಚರ್ ಅಂಗಡಿಯವರು ಎದ್ದು ನಿಂತು ನೋಡಿದರು. ದಾದಾಪೀರಣ್ಣ ಷಟರನ್ನು ಅರ್ಧ ಎಳೆದು, ತಾವು ಹೊರಗೆ ಮಳೆಯಲ್ಲಿ ನಿಂತುಕೊಂಡರು. ನಾನು ಬಿಡಲಿಲ್ಲ. ಹೆಲ್ಮೆಟ್ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದದ್ದು, ಒಬ್ಬರೇ ತಳ್ಳಬೇಡಿ ಎಂದರೆ ಕೇಳದೇ ಇದ್ದದ್ದು, ಬಚ್ಚಲ ನಲ್ಲಿ ಸೋರುತ್ತಿದೆ ಎಂದು ವರ್ಷಗಟ್ಟಲೆ ಹೇಳಿದರೂ ನಾಳೆ ನಾಳೆ ಎಂದದ್ದು, ನನಗೆ ಒಂದು ಮಾತೂ ಹೇಳದೆ ಹೋದದ್ದು, ಎಲ್ಲವನ್ನೂ ತೆಗೆದೆ. ಹತ್ತು ತಿಂಗಳಾಗಿತ್ತು ನಾನು ನನ್ನ ಗಂಡನ ಜೊತೆ ಜಗಳವಾಡಿ.

ಗಂಟಲು ಬತ್ತಿ ನಿಲ್ಲಿಸಿದಾಗ ಆ ಬರೀ ಕಬ್ಬಿಣದ ಮೇಲೆಯೇ ಕುಳಿತಿದ್ದೆ. ಕೆರೆದ ಉಬ್ಬುಗಳು ತೊಡೆಗೆ ಚುಚ್ಚುತ್ತಿದ್ದವು. ಚುಚ್ಚುವುದು ಗೊತ್ತಾಗುತ್ತಿತ್ತು. ಷಟರಿನ ಅಡಿಯಿಂದ ಒಂದು ಲೋಟ ನೀರು ಒಳಗೆ ಬಂತು. ಅದನ್ನು ಹಿಡಿದಿದ್ದ ಕೈ ತೊಯ್ದು ತೊಪ್ಪೆಯಾಗಿತ್ತು.

"ಮುಗೀತೇನ್ರಿ ಭಾಬಿ?" ಎಂದು ದಾದಾಪೀರಣ್ಣ ಹೊರಗಿನಿಂದಲೇ ಕೇಳಿದರು.

ನೀರು ಕುಡಿದೆ. ಮುಖ ಒರೆಸಿಕೊಂಡೆ.

"ಇಲ್ಲ ಅಣ್ಣಾ" ಎಂದೆ. "ಇನ್ನೂ ಐತೆ."